1947ರ ವಿಭಜನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಆಗಸ್ಟ್ ಬಂದಾಗ ವಿಭಜನೆಯ ಮಾತು ಏಳುತ್ತದೆ, ತಿಂಗಳು ಕಳೆದರೆ ಮರೆಯಾಗುತ್ತದೆ. ಕನ್ನಡ ನಾಡು ಆ ಗಡಿಯಿಂದ ದೂರ. ನಮ್ಮಲ್ಲಿ ಬಹುತೇಕರ ಮನೆಯ ಅಜ್ಜ ಅಜ್ಜಿಯರು ಹೇಳಿದ ಕಥೆಗಳಲ್ಲಿ ಲಾಹೋರಿನ ರೈಲು ಬರುವುದಿಲ್ಲ, ಕಲ್ಕತ್ತದ ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಬರುವುದಿಲ್ಲ. ನಮಗೆ ಸಿಕ್ಕಿರುವುದು ಶಾಲೆಯ ಪಠ್ಯದ ಒಂದೆರಡು ಪ್ಯಾರಾ, ಮತ್ತು ಮೊಬೈಲಿಗೆ ಬಂದು ಬೀಳುವ ಸಿಟ್ಟಿನ ಸಂದೇಶಗಳು. ಓದುಗರೂ ವಿದ್ಯಾರ್ಥಿಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತಂದಿದ್ದೇನೆ. ತಪ್ಪು ಯಾರದು ಎಂಬುದನ್ನು ಬಿಟ್ಟಿಲ್ಲ. ಆದರೆ ಯಾರ ಬದುಕನ್ನು, ಅವರನ್ನು ಒಂದು ಮಾತೂ ಕೇಳದೆ, ಯಾರು ತೀರ್ಮಾನಿಸಿದರು ಎಂಬುದರ ಮೇಲೆ ನನ್ನ ಗಮನ ಹೆಚ್ಚು.

ವಿಭಜನೆಯಲ್ಲಿ ನಿಜವಾಗಿ ಭಾಗವಾಗಿದ್ದು ಏನು?

ಗೆರೆ ಬಿದ್ದದ್ದು ಮುಖ್ಯವಾಗಿ ಎರಡು ಪ್ರಾಂತಗಳ ಮೇಲೆ: ಪಂಜಾಬ್ ಮತ್ತು ಬಂಗಾಳ. ಅಸ್ಸಾಮಿನ ಸಿಲ್ಹೆಟ್ ಜಿಲ್ಲೆಯಲ್ಲಿ 1947ರ ಜುಲೈ 6 ಮತ್ತು 7ರಂದು ಜನಮತ ನಡೆದು ಬಹುಪಾಲು ಪೂರ್ವ ಬಂಗಾಳಕ್ಕೆ ಸೇರಿತು, ಕರೀಂಗಂಜ್ ಕಡೆಯ ಒಂದು ತುಂಡು ಭಾರತದಲ್ಲಿ ಉಳಿಯಿತು. ಸಿಂಧ್, ಬಲೂಚಿಸ್ತಾನ ಮತ್ತು ವಾಯವ್ಯ ಗಡಿ ಪ್ರಾಂತಗಳು ಇಡಿಯಾಗಿ ಪಾಕಿಸ್ತಾನಕ್ಕೆ ಹೋದವು. ಸಂಸ್ಥಾನಗಳ ಲೆಕ್ಕವೇ ಬೇರೆ. ಅವು ಯಾವ ಕಡೆಗೆ ಎಂಬುದನ್ನು ರಾಜರು, ನವಾಬರು ತೀರ್ಮಾನಿಸಬೇಕಿತ್ತು. ಕಾಶ್ಮೀರ, ಹೈದರಾಬಾದ್, ಜುನಾಗಢದ ಗಲಾಟೆಗಳು ಹುಟ್ಟಿದ್ದು ಅಲ್ಲಿಂದ.

ಇದರ ಜೊತೆಗೆ ಸೈನ್ಯ, ರೈಲು ಬೋಗಿ, ಖಜಾನೆ, ಕಚೇರಿಯ ಮೇಜು ಕುರ್ಚಿ, ಗ್ರಂಥಾಲಯದ ಪುಸ್ತಕಗಳ ತನಕ ಎಲ್ಲವನ್ನೂ ಹಂಚಲಾಯಿತು. ಹಣ ಮತ್ತು ಸಾಲದ ಹೊಣೆಯಲ್ಲಿ ಭಾರತಕ್ಕೆ ಶೇ. 82.5, ಪಾಕಿಸ್ತಾನಕ್ಕೆ ಶೇ. 17.5 ಎಂದು ಒಪ್ಪಂದವಾಯಿತು. ನಗದು ಹಣದಲ್ಲಿ ಪಾಕಿಸ್ತಾನಕ್ಕೆ ಬರಬೇಕಿದ್ದ 75 ಕೋಟಿಯಲ್ಲಿ 20 ಕೋಟಿ ಮೊದಲೇ ಸಂದಾಯವಾಗಿತ್ತು. ಉಳಿದ 55 ಕೋಟಿಯನ್ನು ಕಾಶ್ಮೀರದ ಯುದ್ಧದ ಕಾರಣಕ್ಕೆ ಭಾರತ ತಡೆಹಿಡಿದು, 1948ರ ಜನವರಿಯಲ್ಲಿ ಗಾಂಧೀಜಿಯ ಉಪವಾಸ ನಡೆದಿದ್ದಾಗ ಬಿಡುಗಡೆ ಮಾಡಿತು.

ಬ್ರಿಟಿಷರು ಒಡೆದು ಆಳಿದ್ದರಿಂದಲೇ ಇದೆಲ್ಲ ಆಯಿತಾ?

ಅರ್ಧ ಉತ್ತರ ಹೌದು. ಹಿಂದೂ, ಮುಸ್ಲಿಂ ಎಂಬ ಭೇದವನ್ನು ಬ್ರಿಟಿಷರು ಹುಟ್ಟಿಸಲಿಲ್ಲ. ಆದರೆ ಅದನ್ನು ರಾಜಕೀಯದ ಲೆಕ್ಕದ ಘಟಕವಾಗಿ ಮಾಡಿದ್ದು ಅವರ ಆಡಳಿತ. ಜನಗಣತಿಯಲ್ಲಿ ಪ್ರತಿ ಜಿಲ್ಲೆಯಲ್ಲಿ ಯಾವ ಧರ್ಮದವರು ಎಷ್ಟು ಎಂದು ಎಣಿಸಿ ಅಚ್ಚು ಹಾಕಿದರು. 1905ರ ಅಕ್ಟೋಬರ್ 16ರಂದು ವೈಸ್‌ರಾಯ್ ಕರ್ಜನ್ ಬಂಗಾಳವನ್ನು ಎರಡು ಮಾಡಿದ. ದೊಡ್ಡ ಚಳವಳಿಯೇ ಎದ್ದು 1911ರಲ್ಲಿ ಅದನ್ನು ರದ್ದು ಮಾಡಬೇಕಾಯಿತು. 1909ರ ಸುಧಾರಣೆಯಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಬಂತು. ಮುಸ್ಲಿಂ ಅಭ್ಯರ್ಥಿಗೆ ಮುಸ್ಲಿಮರು ಮಾತ್ರ ಮತ ಹಾಕುವ ವ್ಯವಸ್ಥೆಯಲ್ಲಿ ಪಕ್ಕದ ಮನೆಯವನ ಮತ ನಿಮಗೆ ಬೇಕಾಗುವುದೇ ಇಲ್ಲ. ಅವನಿಗೆ ಇಷ್ಟವಾಗುವ ಮಾತಾಡುವ ಅಗತ್ಯವೂ ಬೀಳುವುದಿಲ್ಲ. ಮೂವತ್ತೈದು ವರ್ಷ ಹೀಗೆ ಚುನಾವಣೆ ನಡೆದರೆ ರಾಜಕಾರಣ ಯಾವ ಭಾಷೆ ಕಲಿಯುತ್ತದೆ ಎಂದು ಊಹಿಸಬಹುದು.

ಉಳಿದ ಅರ್ಧದ ಹೊಣೆ ನಮ್ಮ ನಾಯಕರದು. 1937ರ ಚುನಾವಣೆಯಲ್ಲಿ ಗೆದ್ದ ಕಾಂಗ್ರೆಸ್, ಸಂಯುಕ್ತ ಪ್ರಾಂತದಲ್ಲಿ (ಇಂದಿನ ಉತ್ತರ ಪ್ರದೇಶದ ಕಡೆ) ಮುಸ್ಲಿಂ ಲೀಗಿನ ಜೊತೆ ಅಧಿಕಾರ ಹಂಚಿಕೊಳ್ಳಲಿಲ್ಲ. 1940ರ ಮಾರ್ಚಿನಲ್ಲಿ ಮುಸ್ಲಿಂ ಲೀಗ್ ಲಾಹೋರಿನಲ್ಲಿ ಪ್ರತ್ಯೇಕ ರಾಜ್ಯಗಳ ನಿರ್ಣಯ ಮಾಡಿತು. ಗಮನಿಸಿ, ಆ ನಿರ್ಣಯದಲ್ಲಿ ಪಾಕಿಸ್ತಾನ ಎಂಬ ಹೆಸರಿಲ್ಲ, ಗಡಿ ಎಲ್ಲಿ ಎಂಬ ವಿವರವೂ ಇಲ್ಲ. 1946ರಲ್ಲಿ ಬ್ರಿಟಿಷ್ ಮಂತ್ರಿಗಳ ನಿಯೋಗ ತಂದ ಕ್ಯಾಬಿನೆಟ್ ಮಿಷನ್ ಯೋಜನೆ ಸಡಿಲವಾದ ಒಕ್ಕೂಟವೊಂದನ್ನು ಮುಂದಿಟ್ಟಿತ್ತು. ಎರಡೂ ಪಕ್ಷಗಳು ಒಪ್ಪಿದಂತೆ ಕಂಡು, ಜುಲೈ ಹೊತ್ತಿಗೆ ಅದು ಮುರಿದುಬಿತ್ತು. ಆಗಸ್ಟ್ 16ರಂದು ಲೀಗ್ ಕರೆ ಕೊಟ್ಟ 'ನೇರ ಕಾರ್ಯಾಚರಣೆ ದಿನ' ಕಲ್ಕತ್ತದಲ್ಲಿ ಸಾವಿರಾರು ಜನರ ಕೊಲೆಯಲ್ಲಿ ಮುಗಿಯಿತು. ಅಲ್ಲಿಂದ ನೌಖಾಲಿ, ಬಿಹಾರ, ಮುಂದಿನ ಮಾರ್ಚಿನಲ್ಲಿ ರಾವಲ್ಪಿಂಡಿ. ಹೀಗೆ ಒಂದರ ಸೇಡು ಇನ್ನೊಂದು ಊರಿನಲ್ಲಿ, ಏನೂ ಅರಿಯದವರ ಮೇಲೆ ತೀರಿತು.

ಹಾಗಾದರೆ ಮುಸ್ಲಿಮರೆಲ್ಲ ಪಾಕಿಸ್ತಾನ ಬೇಕೆಂದು ಮತ ಹಾಕಿದ್ದರು ಅನ್ನುತ್ತಾರಲ್ಲ?

1945-46ರ ಚುನಾವಣೆಯಲ್ಲಿ ಕೇಂದ್ರ ಶಾಸನಸಭೆಯ 30 ಮುಸ್ಲಿಂ ಸ್ಥಾನಗಳನ್ನೂ ಲೀಗ್ ಗೆದ್ದಿತು, ಪ್ರಾಂತಗಳಲ್ಲೂ ಬಹುಪಾಲು ಮುಸ್ಲಿಂ ಸ್ಥಾನಗಳು ಅದಕ್ಕೇ ಬಂದವು. ಇದು ನಿಜ. ಆದರೆ ಆಗ ಎಲ್ಲರಿಗೂ ಮತದಾನದ ಹಕ್ಕಿರಲಿಲ್ಲ. ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗಷ್ಟೇ ಮತ. ಪ್ರಾಂತಗಳಲ್ಲಿ ವಯಸ್ಕರ ಮೂರನೇ ಒಂದು ಭಾಗಕ್ಕೂ ಅದು ಸಿಕ್ಕಿರಲಿಲ್ಲ, ಕೇಂದ್ರದಲ್ಲಿ ಇನ್ನೂ ಕಡಿಮೆ. ಗೇಣಿದಾರ, ಕೂಲಿಯವ, ನೇಕಾರ, ಬಹುಪಾಲು ಹೆಂಗಸರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ವಿರೋಧಿಸಿದವರ ಹೆಸರುಗಳೂ ನಮ್ಮ ನೆನಪಿನಿಂದ ಜಾರಿಹೋಗಿವೆ. ಸಿಂಧ್ ಪ್ರಾಂತದ ಪ್ರಧಾನಿಯಾಗಿದ್ದ ಅಲ್ಲಾಬಕ್ಷ್ ಸೂಮ್ರೊ 1940ರ ಏಪ್ರಿಲಿನಲ್ಲಿ ದೆಹಲಿಯಲ್ಲಿ ಆಜಾದ್ ಮುಸ್ಲಿಂ ಸಮ್ಮೇಳನ ನಡೆಸಿ ವಿಭಜನೆಯನ್ನು ವಿರೋಧಿಸಿದರು. 1943ರಲ್ಲಿ ಅವರ ಕೊಲೆಯಾಯಿತು. ಪಂಜಾಬಿನಲ್ಲಿ ಖಿಜರ್ ಹಯಾತ್ ತಿವಾನಾ ಹಿಂದೂ, ಮುಸ್ಲಿಂ, ಸಿಖ್ ರೈತ ಹಿತಗಳನ್ನು ಜೋಡಿಸಿದ್ದ ಯೂನಿಯನಿಸ್ಟ್ ಪಕ್ಷವನ್ನು ಕೊನೆಯ ತನಕ ಹಿಡಿದು ನಿಂತರು. ಖಾನ್ ಅಬ್ದುಲ್ ಗಫಾರ್ ಖಾನರ ಅಹಿಂಸಾ ಸಂಘಟನೆಯಾದ ಖುದಾಯಿ ಖಿದ್ಮತ್‌ಗಾರರು 1947ರ ಗಡಿ ಪ್ರಾಂತದ ಜನಮತವನ್ನೇ ಬಹಿಷ್ಕರಿಸಿದರು. ಗಫಾರ್ ಖಾನರು ಆಮೇಲೆ ಪಾಕಿಸ್ತಾನದ ಜೈಲುಗಳಲ್ಲಿ ಕಳೆದ ವರ್ಷಗಳನ್ನು ನೆನೆದರೆ ಸಂಕಟವಾಗುತ್ತದೆ.

ಅಷ್ಟು ಅವಸರ ಯಾಕೆ ಬಿತ್ತು?

1947ರ ಫೆಬ್ರವರಿ 20ರಂದು ಬ್ರಿಟಿಷ್ ಪ್ರಧಾನಿ ಅಟ್ಲೀ ಹೇಳಿದ ಗಡುವು 1948ರ ಜೂನ್. ಮಾರ್ಚಿನಲ್ಲಿ ವೈಸ್‌ರಾಯ್ ಆಗಿ ಬಂದ ಮೌಂಟ್‌ಬ್ಯಾಟನ್ ಅದನ್ನು ಹತ್ತು ತಿಂಗಳು ಹಿಂದಕ್ಕೆ ತಂದರು. ಜೂನ್ 3ರಂದು ವಿಭಜನೆಯ ಯೋಜನೆ ಪ್ರಕಟವಾಯಿತು. ಆಗಸ್ಟ್ 15ಕ್ಕೆ ಉಳಿದಿದ್ದು 73 ದಿನ. ಯುದ್ಧದಿಂದ ಬ್ರಿಟನ್ ದಿವಾಳಿಯ ಅಂಚಿಗೆ ಬಂದಿತ್ತು, 1946ರ ಫೆಬ್ರವರಿಯ ನೌಕಾ ಬಂಡಾಯದ ಮೇಲೆ ಸೈನ್ಯದ ಮೇಲಿನ ನಂಬಿಕೆಯೂ ಅಲುಗಾಡಿತ್ತು. ಗಲಭೆ ಕೈಮೀರುವ ಮೊದಲು ಕೈತೊಳೆದುಕೊಳ್ಳುವುದು ಅವರಿಗೆ ಬೇಕಿತ್ತು. ನಮ್ಮ ನಾಯಕರಿಗೂ ಕಾಯುವ ತಾಳ್ಮೆ ಉಳಿದಿರಲಿಲ್ಲ. ಒಂದು ಹಳ್ಳಿಯ ಜಮೀನು ಪಾಲು ಮಾಡಲು ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ದೇಶದಲ್ಲಿ ಕೋಟ್ಯಂತರ ಜನರ ನೆಲವನ್ನು ಎರಡೂವರೆ ತಿಂಗಳಲ್ಲಿ ಪಾಲು ಮಾಡಿದರು.

ಗಡಿ ಎಳೆದ ರಾಡ್‌ಕ್ಲಿಫ್ ಯಾರು? ಅವರು ಅದನ್ನು ಹೇಗೆ ಮಾಡಿದರು?

ಸಿರಿಲ್ ರಾಡ್‌ಕ್ಲಿಫ್ ಲಂಡನ್ನಿನ ಹೆಸರಾಂತ ಬ್ಯಾರಿಸ್ಟರ್. ಅದಕ್ಕೆ ಮೊದಲು ಅವರು ಭಾರತಕ್ಕೆ ಕಾಲಿಟ್ಟವರೇ ಅಲ್ಲ. ಈ ನೆಲ ಗೊತ್ತಿಲ್ಲದವರಾದರೆ ಪಕ್ಷಪಾತ ಇರುವುದಿಲ್ಲ ಎಂಬುದೇ ಅವರ ಅರ್ಹತೆಯಾಯಿತು. ಜುಲೈ 8ರಂದು ದೆಹಲಿಗೆ ಬಂದರು. ಕೈಯಲ್ಲಿದ್ದದ್ದು ಐದು ವಾರ.

ಪಂಜಾಬಿಗೊಂದು, ಬಂಗಾಳಕ್ಕೊಂದು ಆಯೋಗ. ಎರಡಕ್ಕೂ ಅವರೇ ಅಧ್ಯಕ್ಷರು. ಪ್ರತಿ ಆಯೋಗದಲ್ಲಿ ನಾಲ್ವರು ನ್ಯಾಯಾಧೀಶರು, ಇಬ್ಬರು ಕಾಂಗ್ರೆಸ್ ಕಡೆಯಿಂದ, ಇಬ್ಬರು ಲೀಗ್ ಕಡೆಯಿಂದ. ಪ್ರತಿ ದೊಡ್ಡ ಪ್ರಶ್ನೆಯಲ್ಲೂ ಅವರು ಇಬ್ಬರು ಇತ್ತ, ಇಬ್ಬರು ಅತ್ತ ಎಂದು ಒಡೆದರು. ಹಾಗಾಗಿ ಕೊನೆಯ ತೀರ್ಪು ರಾಡ್‌ಕ್ಲಿಫ್ ಒಬ್ಬರದೇ. ಲಾಹೋರ್ ಮತ್ತು ಕಲ್ಕತ್ತದಲ್ಲಿ ನಡೆದ ಬಹಿರಂಗ ವಿಚಾರಣೆಗಳಿಗೆ ಅವರು ಕೂರಲಿಲ್ಲ, ನಡಾವಳಿಯ ವರದಿ ದೆಹಲಿಗೆ ಹೋಗುತ್ತಿತ್ತು. ಅವರ ಮುಂದಿದ್ದದ್ದು 1941ರ ಜನಗಣತಿಯ ಅಂಕಿ, ನಕ್ಷೆಗಳು, ಮತ್ತು ಒಂದು ಸೂಚನೆ: ಒಂದಕ್ಕೊಂದು ಹೊಂದಿಕೊಂಡಿರುವ ಮುಸ್ಲಿಂ ಬಹುಸಂಖ್ಯಾತ ಹಾಗೂ ಮುಸ್ಲಿಮೇತರ ಬಹುಸಂಖ್ಯಾತ ಪ್ರದೇಶಗಳನ್ನು ಗುರುತಿಸಿ, ಜೊತೆಗೆ 'ಇತರ ಅಂಶಗಳನ್ನೂ' ಗಮನಿಸಿ. ಆ ಇತರ ಅಂಶಗಳು ಯಾವುವು ಎಂದು ಯಾರೂ ಬರೆದುಕೊಡಲಿಲ್ಲ. ಕಾಲುವೆಯೋ, ರೈಲೋ, ಗುರುದ್ವಾರವೋ, ಬಂದರೋ?

ಗೆರೆ ಹಾದುಹೋದದ್ದು ಬಹುಪಾಲು ಹಳೆಯ ಜಿಲ್ಲೆ, ತಹಸೀಲು, ಠಾಣೆಗಳ ಎಲ್ಲೆಯ ಮೇಲೆ. ಕಂದಾಯ ವಸೂಲಿಗೆಂದು ಯಾರೋ ಹಿಂದೆ ಹಾಕಿದ್ದ ಎಲ್ಲೆ ದೇಶಗಳ ನಡುವಿನ ಗಡಿಯಾಯಿತು. ಬಂಗಾಳದಲ್ಲಿ ನದಿಗಳನ್ನೇ ಗಡಿ ಎಂದು ಬರೆದರು. ಆ ನದಿಗಳು ಪಾತ್ರ ಬದಲಿಸುವಂಥವು. ಕೆಲವೇ ವರ್ಷಗಳಲ್ಲಿ ಪದ್ಮಾ, ಮಾಥಾಭಾಂಗಾ, ಕುಶಿಯಾರಾ ನದಿಗಳ ಗಡಿಯ ಬಗ್ಗೆ ತಕರಾರು ಎದ್ದು, ಸ್ವೀಡನ್ನಿನ ನ್ಯಾಯಾಧೀಶ ಆಲ್ಗೊಟ್ ಬಾಗೆ ಅವರನ್ನು ಕರೆಸಬೇಕಾಯಿತು.

ಕೆಲಸ ಮುಗಿಸಿ ರಾಡ್‌ಕ್ಲಿಫ್ ತಮ್ಮ ಕಾಗದಗಳನ್ನು ಸುಟ್ಟರು, ಸಂಭಾವನೆ ತೆಗೆದುಕೊಳ್ಳಲಿಲ್ಲ, ಮತ್ತೆಂದೂ ಇತ್ತ ಬರಲಿಲ್ಲ. ಲಾಹೋರನ್ನು ಪಾಕಿಸ್ತಾನಕ್ಕೆ ಕೊಟ್ಟಿದ್ದು, ಇಲ್ಲದಿದ್ದರೆ ಅದಕ್ಕೆ ದೊಡ್ಡ ನಗರವೇ ಇರುತ್ತಿರಲಿಲ್ಲ ಎಂದು ಅವರು ತಮಗೆ ಹೇಳಿದ್ದಾಗಿ ಪತ್ರಕರ್ತ ಕುಲದೀಪ್ ನಯ್ಯರ್ ಬರೆದಿದ್ದಾರೆ. ಶತಮಾನಗಳ ಒಂದು ನಗರದ ಹಣೆಬರಹ ಅಂಥ ಒಂದು ವಾಕ್ಯದಲ್ಲಿ ಮುಗಿದಿದೆ.

ಫಿರೋಜ್‌ಪುರ, ಗುರುದಾಸ್‌ಪುರ ವಿಷಯದಲ್ಲಿ ಮೋಸ ನಡೆಯಿತಾ?

ಗುರುದಾಸ್‌ಪುರ ಜಿಲ್ಲೆಯಲ್ಲಿ ಮುಸ್ಲಿಮರು ಶೇ. 51ರಷ್ಟಿದ್ದರು. ನಾಲ್ಕು ತಹಸೀಲುಗಳಲ್ಲಿ ಶಕರ್‌ಗಢ ಮಾತ್ರ ಪಾಕಿಸ್ತಾನಕ್ಕೆ, ಉಳಿದ ಮೂರು ಭಾರತಕ್ಕೆ ಬಂದವು. ಪಠಾಣ್‌ಕೋಟಿನ ದಾರಿ ಭಾರತಕ್ಕೆ ಸಿಕ್ಕಿದ್ದರಿಂದ ಜಮ್ಮುವಿಗೆ ಭೂಮಾರ್ಗ ಉಳಿಯಿತು, ಹಾಗಾಗಿ ಪಾಕಿಸ್ತಾನದಲ್ಲಿ ಇದನ್ನು ಸಂಚು ಎಂದೇ ನಂಬುತ್ತಾರೆ. ಪಠಾಣ್‌ಕೋಟ್ ತಹಸೀಲಿನಲ್ಲಿ ಮುಸ್ಲಿಮರು ಬಹುಸಂಖ್ಯಾತರಾಗಿರಲಿಲ್ಲ, ಅಮೃತಸರ ಎರಡು ಕಡೆಯಿಂದ ಸುತ್ತುವರಿಯಲ್ಪಡಬಾರದು ಎಂಬ ವಾದವೂ ಇತ್ತು.

ಫಿರೋಜ್‌ಪುರದ ಕಥೆ ಹೆಚ್ಚು ಗಂಭೀರ. ಆಗಸ್ಟ್ 8ರಂದು ಪಂಜಾಬಿನ ಗವರ್ನರ್ ಜೆಂಕಿನ್ಸ್ ಅವರಿಗೆ ಹೋದ ಕರಡು ನಕ್ಷೆಯಲ್ಲಿ ಫಿರೋಜ್‌ಪುರ ಮತ್ತು ಜೀರಾ ತಹಸೀಲುಗಳು ಪಾಕಿಸ್ತಾನದಲ್ಲಿದ್ದವು. ಅಂತಿಮ ತೀರ್ಪಿನಲ್ಲಿ ಭಾರತಕ್ಕೆ ಬಂದವು. ಸಟ್ಲೆಜ್ ನೀರನ್ನು ತಿರುಗಿಸುವ ಹೆಡ್‌ವರ್ಕ್ಸ್ ಇದ್ದದ್ದು ಅಲ್ಲೇ. ಮೌಂಟ್‌ಬ್ಯಾಟನ್ ಒತ್ತಡದಿಂದ ಇದು ಬದಲಾಯಿತು ಎಂದು ರಾಡ್‌ಕ್ಲಿಫ್ ಅವರ ಕಾರ್ಯದರ್ಶಿಯಾಗಿದ್ದ ಕ್ರಿಸ್ಟೊಫರ್ ಬೋಮಾಂಟ್ 1992ರಲ್ಲಿ ಬಹಿರಂಗವಾಗಿ ಹೇಳಿದರು. ನನ್ನ ದೃಷ್ಟಿಯಲ್ಲಿ ಆ ಬದಲಾವಣೆ ಶುದ್ಧವಾಗಿ ನಡೆದದ್ದಲ್ಲ. ನಮಗೆ ಲಾಭವಾಯಿತು ಎಂಬ ಕಾರಣಕ್ಕೆ ಅದನ್ನು ಸಮರ್ಥಿಸಬೇಕಾಗಿಯೂ ಇಲ್ಲ.

ಬಂಗಾಳದ ಕಡೆಯ ವಿಚಿತ್ರಗಳೂ ಕಡಿಮೆಯಲ್ಲ. ಮುಸ್ಲಿಂ ಬಹುಸಂಖ್ಯಾತ ಮುರ್ಷಿದಾಬಾದ್ ಭಾರತಕ್ಕೆ, ಹಿಂದೂಗಳು ಹೆಚ್ಚಿದ್ದ ಖುಲ್ನಾ ಪಾಕಿಸ್ತಾನಕ್ಕೆ. ಜನಸಂಖ್ಯೆಯಲ್ಲಿ ಮುಸ್ಲಿಮರು ಬೆರಳೆಣಿಕೆಯಷ್ಟಿದ್ದ, ಬೌದ್ಧರೇ ಹೆಚ್ಚಿದ್ದ ಚಿತ್ತಗಾಂಗ್ ಬೆಟ್ಟ ಪ್ರದೇಶವೂ ಪಾಕಿಸ್ತಾನಕ್ಕೆ.

ತೀರ್ಪು ಸ್ವಾತಂತ್ರ್ಯ ಬಂದ ಎರಡು ದಿನದ ಮೇಲೆ ಪ್ರಕಟವಾಯಿತಂತೆ, ನಿಜವೇ?

ನಿಜ. ಆಗಸ್ಟ್ 17ರಂದು ಪ್ರಕಟವಾಯಿತು, ಆದರೆ ಅದಕ್ಕೆ ಮೊದಲೇ ಸಿದ್ಧವಾಗಿತ್ತು. ಸ್ವಾತಂತ್ರ್ಯದ ಸಂಭ್ರಮ ಕೆಡಬಾರದು, ಗಲಭೆಯ ಹೊಣೆ ಬ್ರಿಟಿಷರ ತಲೆಗೆ ಬರಬಾರದು ಎಂದು ಮೌಂಟ್‌ಬ್ಯಾಟನ್ ತಡೆದರು. ಪೊಲೀಸರನ್ನು ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲು ಮೊದಲೇ ಹೇಳಿ ಎಂದು ಪಂಜಾಬಿನ ಗವರ್ನರ್ ಕೇಳಿಕೊಂಡಿದ್ದರು. ಕೊನೆಗೆ ಆಗಸ್ಟ್ 15ರ ಬೆಳಗ್ಗೆ ಗಡಿಯ ಜಿಲ್ಲೆಗಳ ಜನ ತಾವು ಯಾವ ದೇಶದವರೆಂದು ಗೊತ್ತಿಲ್ಲದೆ ಎದ್ದರು. ಮುರ್ಷಿದಾಬಾದಿನಲ್ಲಿ ಪಾಕಿಸ್ತಾನದ ಬಾವುಟ ಹಾರಿತು, ಖುಲ್ನಾ ಮತ್ತು ರಂಗಾಮಾಟಿಯಲ್ಲಿ ತ್ರಿವರ್ಣ ಧ್ವಜ. ಎರಡು ಮೂರು ದಿನಗಳಲ್ಲಿ ಅವುಗಳನ್ನು ಇಳಿಸಬೇಕಾಯಿತು.

ಎಷ್ಟು ಜನ ಸತ್ತರು?

ಅಂದಾಜುಗಳು 2 ಲಕ್ಷದಿಂದ 20 ಲಕ್ಷದ ತನಕ ಇವೆ. ಇತಿಹಾಸಕಾರರಲ್ಲಿ ಹೆಚ್ಚಿನವರು 5ರಿಂದ 10 ಲಕ್ಷದ ನಡುವಿನ ಮಾತಾಡುತ್ತಾರೆ. ಸಾವನ್ನು ಬರೆದುಕೊಳ್ಳಬೇಕಾದ ಪಟವಾರಿ (ನಮ್ಮ ಶಾನುಭೋಗರಂತೆ), ಪೊಲೀಸ್, ಆಸ್ಪತ್ರೆಯವರೇ ಓಡಿಹೋಗುತ್ತಿದ್ದಾಗ ಲೆಕ್ಕ ಇಡುವವರು ಯಾರು? ಮನೆ ಬಿಟ್ಟವರ ಲೆಕ್ಕ ಸ್ವಲ್ಪ ಸ್ಪಷ್ಟ: 1951ರ ಎರಡೂ ದೇಶಗಳ ಜನಗಣತಿ ಸೇರಿಸಿದರೆ ಒಂದೂ ಕಾಲು ಕೋಟಿಗಿಂತ ಹೆಚ್ಚು, ಸುಮಾರು 1.4 ಕೋಟಿ ಜನ. ಪಂಜಾಬಿನಲ್ಲಿ ಉಟ್ಟ ಬಟ್ಟೆಯಲ್ಲೇ ಹೊರಟವರ ಎತ್ತಿನಗಾಡಿಯ ಸಾಲುಗಳು ಮೈಲಿಗಟ್ಟಲೆ ಇದ್ದವು.

ಪಂಜಾಬಿನಲ್ಲೇ ಅಷ್ಟು ಭೀಕರವಾಗಲು ಕಾರಣಗಳಿವೆ. ಎರಡನೇ ಮಹಾಯುದ್ಧದಿಂದ ಮನೆಗೆ ಮರಳಿದ, ಆಯುಧ ಹಿಡಿದು ತಂಡ ಕಟ್ಟುವುದು ಗೊತ್ತಿದ್ದ ಸೈನಿಕರು ಅಲ್ಲಿ ಬಹಳ ಇದ್ದರು. ಸುತ್ತಲಿನ ಕೆಲವು ಸಂಸ್ಥಾನಗಳ ಪಡೆಗಳೂ ಕೊಲೆಯಲ್ಲಿ ಪಾಲ್ಗೊಂಡವು. ಹನ್ನೆರಡು ಜಿಲ್ಲೆಗಳ ರಕ್ಷಣೆಗೆಂದು ಮೇಜರ್ ಜನರಲ್ ರೀಸ್ ಕೈಕೆಳಗೆ ಕಟ್ಟಿದ ಪಂಜಾಬ್ ಗಡಿ ಪಡೆಯಲ್ಲಿ ಹೆಸರಿಗೆ 50,000 ಸೈನಿಕರು, ಕೆಲಸಕ್ಕೆ ಸಿಕ್ಕವರು ಅದಕ್ಕಿಂತ ತೀರ ಕಡಿಮೆ. ಆಗಸ್ಟ್ 1ಕ್ಕೆ ಹುಟ್ಟಿದ ಆ ಪಡೆಯನ್ನು ಒಂದೇ ತಿಂಗಳಿಗೆ ವಿಸರ್ಜಿಸಿದರು.

ಹೆಂಗಸರಿಗೆ ಏನಾಯಿತು?

ಈ ಪ್ರಶ್ನೆಯನ್ನು ಜನ ದನಿ ತಗ್ಗಿಸಿ ಕೇಳುತ್ತಾರೆ, ಆದರೆ ಕೇಳಲೇಬೇಕಾದ ಪ್ರಶ್ನೆ. ಸರ್ಕಾರದ ಅಂದಾಜಿನಂತೆ ಭಾರತದ ಕಡೆ ಸುಮಾರು 50,000 ಮುಸ್ಲಿಂ ಹೆಂಗಸರು, ಪಾಕಿಸ್ತಾನದ ಕಡೆ ಸುಮಾರು 33,000 ಹಿಂದೂ ಮತ್ತು ಸಿಖ್ ಹೆಂಗಸರು ಅಪಹರಣಕ್ಕೊಳಗಾದರು. ಸ್ವಂತದವರ ಕೈಯಲ್ಲೇ 'ಮಾನ' ಉಳಿಸುವ ಹೆಸರಲ್ಲಿ ಸತ್ತವರು ಆ ಲೆಕ್ಕದಲ್ಲಿಲ್ಲ. ರಾವಲ್ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾ ಹಳ್ಳಿಯಲ್ಲಿ 1947ರ ಮಾರ್ಚಿನಲ್ಲಿ ಸುಮಾರು ತೊಂಬತ್ತು ಹೆಂಗಸರು ಬಾವಿಗೆ ಹಾರಿದರು. ಅದನ್ನು ತ್ಯಾಗ ಎಂದು ಹಾಡಿ ಹೊಗಳಿದರು. ಅವರಲ್ಲಿ ಎಷ್ಟು ಜನ ಬದುಕಲು ಬಯಸಿದ್ದರು ಎಂದು ಯಾರು ಕೇಳಿದರು?

1947ರ ಡಿಸೆಂಬರಿನಲ್ಲಿ ಎರಡೂ ದೇಶಗಳು ಅಪಹೃತ ಹೆಂಗಸರನ್ನು ಹುಡುಕಿ ಮರಳಿಸುವ ಒಪ್ಪಂದ ಮಾಡಿಕೊಂಡವು. ಮೃದುಲಾ ಸಾರಾಭಾಯಿ, ಕಮಲಾಬೆನ್ ಪಟೇಲ್ ಅವರಂಥವರು ಈ ಕೆಲಸಕ್ಕೆ ಜೀವ ಸವೆಸಿದರು. 1949ರಲ್ಲಿ ಭಾರತ ಕಾನೂನನ್ನೇ ತಂದಿತು. 1947ರ ಮಾರ್ಚ್ 1ರ ನಂತರ ಬೇರೆ ಧರ್ಮದವನ ಮನೆಯಲ್ಲಿ ಕಂಡ ಹೆಂಗಸು, ಆಕೆ ಯಾವ ವಯಸ್ಸಿನವಳೇ ಆಗಲಿ, ಅಪಹೃತಳೆಂದೇ ಲೆಕ್ಕ. ಆಕೆ ಇಲ್ಲೇ ಇರುತ್ತೇನೆ ಎಂದರೂ ಆ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಸುಮಾರು 30,000 ಹೆಂಗಸರನ್ನು ಹೀಗೆ ಅತ್ತಿತ್ತ ಕಳಿಸಿದರು. ನರಕದಿಂದ ಪಾರಾದವರು ಅವರಲ್ಲಿ ಅನೇಕರು. ಇನ್ನು ಕೆಲವರು ಎರಡನೇ ಸಲ ಮನೆ ಕಳೆದುಕೊಂಡರು, ಹೆತ್ತ ಮಕ್ಕಳನ್ನು ಬಿಟ್ಟು ಹೋಗಬೇಕಾಯಿತು. ಮರಳಿದ ಮೇಲೆ ತವರಿನವರು ಬಾಗಿಲು ತೆರೆಯದ ಉದಾಹರಣೆಗಳೂ ಇವೆ. ಇಡೀ ವಿಭಜನೆಯ ರೀತಿಯೇ ಇಲ್ಲಿ ಕಾಣುತ್ತದೆ. ಮನುಷ್ಯಳಿಗಿಂತ ಆಕೆಯ ಧರ್ಮದ ಕಾಲಂ ದೊಡ್ಡದಾಯಿತು.

ಬಂಗಾಳದ ವಿಭಜನೆ ಪಂಜಾಬಿಗಿಂತ ಹೇಗೆ ಬೇರೆ?

ಪಂಜಾಬಿನಲ್ಲಿ ಕೆಲವೇ ತಿಂಗಳಲ್ಲಿ ಜನ ಅದಲುಬದಲಾದರು. ಬಂಗಾಳದಲ್ಲಿ ಅದು ದಶಕಗಳ ತನಕ ಸೋರಿತು: 1950ರ ಬಾರಿಸಾಲ್ ಗಲಭೆ, 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್ ಬಂದಾಗ ಹೆದರಿಕೆ, 1964ರ ಗಲಭೆ, 1971ರ ಯುದ್ಧ. ಮೊದಲು ಹೊರಟವರು ಓದಿದ, ಆಸ್ತಿಯಿದ್ದ ಮೇಲ್ಜಾತಿಯವರು. ದಲಿತರಾದ ನಮಶೂದ್ರ ರೈತರು ಬಹುಕಾಲ ಅಲ್ಲೇ ಉಳಿದರು. ಅವರ ನಾಯಕ ಜೋಗೇಂದ್ರನಾಥ ಮಂಡಲ್, ದಲಿತರೂ ಬಡ ಮುಸ್ಲಿಮರೂ ಒಟ್ಟಿಗೆ ಬಾಳಬಹುದೆಂದು ನಂಬಿ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. 1950ರಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದರು.

ಪುನರ್ವಸತಿಯಲ್ಲೂ ತಾರತಮ್ಯವಿತ್ತು. ಪಶ್ಚಿಮ ಪಂಜಾಬಿನಲ್ಲಿ ಹಿಂದೂ, ಸಿಖ್ಖರು ಬಿಟ್ಟು ಬಂದ ಜಮೀನು ಸುಮಾರು 67 ಲಕ್ಷ ಎಕರೆ, ಇತ್ತ ಮುಸ್ಲಿಮರು ಬಿಟ್ಟುಹೋದದ್ದು 47 ಲಕ್ಷ ಎಕರೆ. ಅಧಿಕಾರಿ ತರಲೋಕ್ ಸಿಂಗ್ ಹಂತ ಹಂತದ ಕಡಿತ ಲೆಕ್ಕಹಾಕಿದರು: ಮೊದಲ ಹತ್ತು ಎಕರೆಗೆ ಶೇ. 25 ಕಡಿತ, ದೊಡ್ಡ ಜಮೀನುದಾರರಿಗೆ ಶೇ. 95ರ ತನಕ. ಇಂಥ ಲೆಕ್ಕವಿಟ್ಟು ಪಂಜಾಬಿನವರನ್ನು ನೆಲೆಗೊಳಿಸಿದ ಸರ್ಕಾರ, ಪೂರ್ವದಿಂದ ಬಂದವರು ಇನ್ನೇನು ಮರಳುತ್ತಾರೆ ಎಂದು ಕಾದಿತು. ಅವರು ವರ್ಷಗಟ್ಟಲೆ ಸಿಯಾಲ್ದಾ ಸ್ಟೇಷನ್ನಿನಲ್ಲಿ, ಕ್ಯಾಂಪುಗಳಲ್ಲಿ ಕೊಳೆತರು. 1958ರಿಂದ ಹಲವರನ್ನು ಮಧ್ಯ ಭಾರತದ ನೀರಿಲ್ಲದ ದಂಡಕಾರಣ್ಯಕ್ಕೆ ಸಾಗಿಸಲಾಯಿತು. ಅಲ್ಲಿಂದ ಹೊರಟು ಸುಂದರಬನದ ಮರೀಚ್‌ಝಾಂಪಿ ದ್ವೀಪದಲ್ಲಿ ನೆಲೆ ನಿಂತವರನ್ನು 1979ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ದಿಗ್ಬಂಧನ ಹಾಕಿ, ಗೋಲಿಬಾರು ಮಾಡಿ ಎಬ್ಬಿಸಿತು.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?

ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು 1970ರ ದಶಕದ ಆರಂಭದಿಂದ ನೆಲೆಸಿವೆ. ತುಂಗಭದ್ರೆಯ ನೀರಿನ ಆಸರೆಯಲ್ಲಿ ಭತ್ತ ಬೆಳೆದು, ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಆಡುತ್ತ ಅಲ್ಲಿ ಎರಡು ಮೂರು ತಲೆಮಾರು ಬೆಳೆದಿವೆ. ವಿಭಜನೆ ಎಲ್ಲೋ ಉತ್ತರದ ಕಥೆ ಎನ್ನುವವರು ಸಿಂಧನೂರಿಗೆ ಹೋಗಿ ಬರಬೇಕು.

1936ರ ತನಕ ಸಿಂಧ್ ಮುಂಬೈ ಪ್ರಾಂತದ ಭಾಗ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡವೂ ಅದೇ ಪ್ರಾಂತದವು. ಅಂದರೆ ಧಾರವಾಡಕ್ಕೂ ಕರಾಚಿಗೂ ಒಂದೇ ಸರ್ಕಾರವಿತ್ತು. ನಿಜಾಮನ ಹೈದರಾಬಾದ್ ಯಾರ ಜೊತೆಗೂ ಸೇರದೆ ನಿಂತಿದ್ದರಿಂದ ಬೀದರ್, ಕಲಬುರಗಿ, ರಾಯಚೂರಿಗೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಸೈನ್ಯವನ್ನು ಎರಡು ಪಾಲು ಮಾಡುವ ನೋವಿನ ಕೆಲಸದಲ್ಲಿ ಕೊಡಗಿನ ಕೆ. ಎಂ. ಕಾರ್ಯಪ್ಪ ಇದ್ದರು. ಅವರ ಮಗ, ವಾಯುಪಡೆಯ ಪೈಲಟ್, 1965ರ ಯುದ್ಧದಲ್ಲಿ ಪಾಕಿಸ್ತಾನದ ಸೆರೆಯಾಳಾದರು.

ಸಿಂಧಿಗಳ ಬಗ್ಗೆ ಯಾಕೆ ಕಡಿಮೆ ಮಾತು?

ಅವರ ಪ್ರಾಂತ ಭಾಗವಾಗಲಿಲ್ಲ, ಹಾಗಾಗಿ ಅವರಿಗೆ ಇತ್ತ ಒಂದು ಅರ್ಧ ಸಿಂಧ್ ಕೂಡ ಸಿಗಲಿಲ್ಲ. ಪಂಜಾಬಿಗಳಿಗೆ, ಬಂಗಾಳಿಗಳಿಗೆ ತಮ್ಮ ಭಾಷೆಯ ರಾಜ್ಯ ಉಳಿಯಿತು. ಸಿಂಧಿ ಹಿಂದೂಗಳು 1948ರ ಜನವರಿಯ ಕರಾಚಿ ಗಲಭೆಯ ನಂತರ ಹಡಗು ಹತ್ತಿ ಮುಂಬೈ, ಕಚ್ಛ್ ಕಡೆ ಚದುರಿದರು. ಹಳೆಯ ಮಿಲಿಟರಿ ಕ್ಯಾಂಪು ಉಲ್ಲಾಸನಗರವಾಯಿತು, ಕಚ್ಛಿನಲ್ಲಿ ಗಾಂಧಿಧಾಮ ಎದ್ದಿತು. ಅವರ ಭಾಷೆ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿದ್ದು 1967ರಲ್ಲಿ. ಇವತ್ತು ಅವರ ಮಕ್ಕಳಲ್ಲಿ ಎಷ್ಟೋ ಜನ ಸಿಂಧಿ ಓದಲಾರರು.

ನೀರಿನ ಜಗಳಕ್ಕೂ ವಿಭಜನೆಗೂ ಏನು ನಂಟು?

ನೇರ ನಂಟು. ಪಂಜಾಬಿನ ಕಾಲುವೆಗಳನ್ನು ಒಂದೇ ಜಾಲವಾಗಿ ಕಟ್ಟಿದ್ದರು. ಗೆರೆ ಬಿದ್ದಾಗ ಹೆಡ್‌ವರ್ಕ್ಸ್ ಇತ್ತ, ಹೊಲ ಅತ್ತ. 1948ರ ಏಪ್ರಿಲ್ 1ರಂದು ಪೂರ್ವ ಪಂಜಾಬ್ ನೀರು ನಿಲ್ಲಿಸಿತು. ಲಾಹೋರಿನ ಸುತ್ತ ಬೆಳೆ ಒಣಗತೊಡಗಿತು. ಮೇ ತಿಂಗಳಲ್ಲಿ ತಾತ್ಕಾಲಿಕ ಒಪ್ಪಂದ, ಕೊನೆಗೆ ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಿಂಧೂ ಜಲ ಒಪ್ಪಂದಕ್ಕೆ ಸಹಿ ಹಾಕಿದರು. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೀಲಂ, ಚಿನಾಬ್ ಪಾಕಿಸ್ತಾನಕ್ಕೆ. ಮೂರು ಯುದ್ಧಗಳನ್ನು ದಾಟಿ ಉಳಿದಿದ್ದ ಆ ಒಪ್ಪಂದವನ್ನು ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲಿನಲ್ಲಿ ಭಾರತ ಅಮಾನತಿನಲ್ಲಿಟ್ಟಿತು. ಪೂರ್ವದಲ್ಲಿ ಬಾಂಗ್ಲಾದೇಶದ ಜೊತೆ ಗಂಗೆಯ ಫರಕ್ಕಾ ಅಣೆಕಟ್ಟಿನ ತಕರಾರು, 1996ರ ಮೂವತ್ತು ವರ್ಷದ ಗಂಗಾ ಒಪ್ಪಂದ ಇದೇ ಜಾತಿಯವು. 1892 ಮತ್ತು 1924ರಲ್ಲಿ ಬ್ರಿಟಿಷರ ಕಾಲದಲ್ಲಾದ ಕಾವೇರಿ ಒಪ್ಪಂದಗಳ ಬಿಸಿ ಇನ್ನೂ ಅನುಭವಿಸುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಸೆಣಬಿನ ಕಥೆಯೂ ಹೀಗೆಯೇ: ಬೆಳೆ ಹೆಚ್ಚಾಗಿ ಪೂರ್ವ ಬಂಗಾಳದಲ್ಲಿ, ಗಿರಣಿಗಳೆಲ್ಲ ಕಲ್ಕತ್ತದ ಹೂಗ್ಲಿ ದಡದಲ್ಲಿ.

ದೇಶದೊಳಗೆ ಇನ್ನೊಂದು ದೇಶದ ಊರುಗಳಿದ್ದವಂತೆ?

ಇದ್ದವು, 2015ರ ತನಕ. ಬಂಗಾಳದ ಉತ್ತರದ ಕೂಚ್ ಬೆಹಾರ್ ಸಂಸ್ಥಾನದ ರಾಜರಿಗೂ ಮೊಘಲರಿಗೂ ಸೇರಿದ ಚದುರಿದ ಹಳ್ಳಿಗಳು 'ಛಿಟ್‌ಮಹಲ್' ಆಗಿ ಉಳಿದಿದ್ದವು. ಕೂಚ್ ಬೆಹಾರ್ 1949ರಲ್ಲಿ ಭಾರತಕ್ಕೆ ಸೇರಿದಾಗ 111 ಭಾರತೀಯ ತುಣುಕುಗಳು ಗಡಿಯಾಚೆ, 51 ಅತ್ತಣ ತುಣುಕುಗಳು ಗಡಿಯೀಚೆ ಸಿಕ್ಕಿಕೊಂಡವು. ಒಂದರೊಳಗೊಂದು, ಅದರೊಳಗೆ ಮತ್ತೊಂದು ಇರುವಂಥದ್ದೂ ಇತ್ತು. ಅಲ್ಲಿನವರಿಗೆ ಮತವಿಲ್ಲ, ಶಾಲೆಯಿಲ್ಲ, ಕರೆಂಟಿಲ್ಲ, ಪೊಲೀಸರಿಲ್ಲ. ಆಸ್ಪತ್ರೆಗೆ ಹೋಗಲು, ಮಗುವನ್ನು ಶಾಲೆಗೆ ಸೇರಿಸಲು ಬೇರೆಯವರ ಹೆಸರನ್ನು ತಂದೆಯ ಹೆಸರೆಂದು ಬರೆಸಬೇಕಾಗಿತ್ತು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಮುಜಿಬುರ್ ರೆಹಮಾನ್ ಒಪ್ಪಂದ ಮಾಡಿಕೊಂಡರು. ಅದು ಜಾರಿಯಾಗಲು ನಲವತ್ತೊಂದು ವರ್ಷ ಹಿಡಿಯಿತು: ಸಂವಿಧಾನದ ನೂರನೇ ತಿದ್ದುಪಡಿ ಆಗಿ, 2015ರ ಜುಲೈ 31ರ ಮಧ್ಯರಾತ್ರಿ ವಿನಿಮಯ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಆ ರಾತ್ರಿ ಒಂದು ದೇಶ ಸಿಕ್ಕಿತು. ಇಲ್ಲಿ ಜನರಿಗೆ ಆಯ್ಕೆ ಕೊಟ್ಟರು ಎಂಬುದನ್ನು ಮೆಚ್ಚಿ ಹೇಳಬೇಕು. ಬಹುಪಾಲು ಜನ ತಮ್ಮ ಮನೆಯಿದ್ದಲ್ಲೇ ಇರುತ್ತೇವೆ ಎಂದರು.

ಇವತ್ತಿನ ಪೌರತ್ವದ ವಿವಾದಗಳು ಅಲ್ಲಿಂದಲೇ ಬಂದವೇ?

ಬಹುಮಟ್ಟಿಗೆ. 1948ರ ಜುಲೈನಲ್ಲಿ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಪದ್ಧತಿ ತಂದರು. ಗಲಭೆಗೆ ಹೆದರಿ ಕೆಲವು ತಿಂಗಳು ಅತ್ತ ಹೋದ ಮುಸ್ಲಿಮರು ಮರಳಿ ಬಂದಾಗ ಅವರ ಮನೆ 'ನಿರ್ವಸಿತರ ಆಸ್ತಿ' ಎಂದು ಬೇರೆಯವರಿಗೆ ಹಂಚಿಕೆಯಾಗಿತ್ತು. ಪಾಕಿಸ್ತಾನಕ್ಕೆ ಹೋದವರ ಆಸ್ತಿಯ ಕುರಿತ 1968ರ ಶತ್ರು ಆಸ್ತಿ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ, ವಾರಸುದಾರ ಭಾರತದ ಪ್ರಜೆಯೇ ಆಗಿದ್ದರೂ ಅಂಥ ಆಸ್ತಿಯ ಮೇಲೆ ಹಕ್ಕಿಲ್ಲ. ಗಡಿಯಾಚೆ ಪೂರ್ವದಲ್ಲಿ ಅದೇ ಬಗೆಯ ಕಾನೂನು ಹಿಂದೂಗಳ ಜಮೀನು ನುಂಗಿತು. ಬಾಂಗ್ಲಾದೇಶ ಅದನ್ನು ಮರಳಿಸುವ ಕಾಯ್ದೆ ಮಾಡಿದ್ದು 2001ರಲ್ಲಿ. ಢಾಕಾದ ಜಿನೀವಾ ಕ್ಯಾಂಪಿನಲ್ಲಿರುವ ಉರ್ದು ಮಾತಾಡುವ ಬಿಹಾರಿಗಳಿಗೆ ಪೌರತ್ವದ ಹಕ್ಕನ್ನು ಅಲ್ಲಿನ ಹೈಕೋರ್ಟ್ ಎತ್ತಿಹಿಡಿದದ್ದು 2008ರಲ್ಲಿ.

ಅಸ್ಸಾಮಿನಲ್ಲಿ 1971ರ ಮಾರ್ಚ್ 24ರ ಮಧ್ಯರಾತ್ರಿಯೊಳಗೆ ಬಂದಿದ್ದೇವೆ ಎಂದು ಸಾಬೀತು ಮಾಡಲು ಬಡವರು ಹಳೆಯ ಕಾಗದಗಳ ಕಟ್ಟು ಹಿಡಿದು ಅಲೆದರು. 2019ರ ಪೌರತ್ವ ನೋಂದಣಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅದೇ ವರ್ಷದ ಪೌರತ್ವ ತಿದ್ದುಪಡಿ ಕಾಯ್ದೆ, 2014ರೊಳಗೆ ಬಂದ ಮುಸ್ಲಿಮೇತರ ನಿರಾಶ್ರಿತರಿಗೆ ದಾರಿ ತೆರೆಯಿತು. ಸಿಂಧನೂರಿನವರಂಥ ಕುಟುಂಬಗಳಿಗೆ ಪೌರತ್ವ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಧರ್ಮದ ಕಾಲಂ ನೋಡಿ ಆಸರೆ ಕೊಡುವುದು 1947ರ ಲೆಕ್ಕವನ್ನೇ ಮುಂದುವರಿಸಿದಂತೆ ಎಂದು ನನಗನ್ನಿಸುತ್ತದೆ.

ಬ್ರಿಟಿಷರು ಬೇರೆಡೆಯೂ ಹೀಗೆ ಮಾಡಿದರಾ?

1920ರ ಕಾನೂನಿನ ಮೂಲಕ ಐರ್ಲೆಂಡನ್ನು ಎರಡು ಮಾಡಿದರು. ಪ್ಯಾಲೆಸ್ಟೈನನ್ನು ಭಾಗ ಮಾಡುವ ಸಲಹೆ 1937ರ ಪೀಲ್ ಆಯೋಗದ್ದು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಅಂಥದೇ ನಿರ್ಣಯ ಮಾಡಿತು. ನಮ್ಮದೂ ಸೇರಿ ಮೂರೂ ಕಡೆ ಇಂದಿಗೂ ಶಾಂತಿಯ ಮಾತು ಗಡಿಯ ಬಳಿ ಬಂದು ಎಡವುತ್ತದೆ.

ಗಡಿಯಲ್ಲಿ ಇವತ್ತು ಬದುಕುವವರಿಗೆ ದಿನನಿತ್ಯ ಏನು ತೊಂದರೆ?

ಪಂಜಾಬಿನಲ್ಲಿ ಬೇಲಿ ಹಾಕಿದ್ದು ಗಡಿರೇಖೆಗಿಂತ ಒಳಗೆ. ಬೇಲಿಯಾಚೆ ಜಮೀನಿರುವ ರೈತರು ಗಡಿ ಭದ್ರತಾ ಪಡೆ ಗೇಟು ತೆರೆದ ಹೊತ್ತಿಗೆ ಹೋಗಿ, ಮುಚ್ಚುವ ಮೊದಲು ಮರಳಬೇಕು. ಗುಜರಾತಿನ ಮೀನುಗಾರರೂ ಕರಾಚಿ ಕಡೆಯ ಮೀನುಗಾರರೂ ಸಮುದ್ರದಲ್ಲಿ ಕಾಣದ ಗೆರೆ ದಾಟಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುತ್ತಾರೆ. ಎರಡೂ ಸರ್ಕಾರಗಳು ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ರಂದು, ಕೈದಿಗಳ ಪಟ್ಟಿ ವಿನಿಮಯ ಮಾಡಿಕೊಳ್ಳುತ್ತವೆ. ಗುರು ನಾನಕರು ಕೊನೆಯ ದಿನಗಳನ್ನು ಕಳೆದ ಕರ್ತಾರ್‌ಪುರ ಗಡಿಯಿಂದ ಕೆಲವೇ ಕಿಲೋಮೀಟರ್. ಎಪ್ಪತ್ತೆರಡು ವರ್ಷ ಜನ ಈಚೆಯಿಂದ ದುರ್ಬೀನಿನಲ್ಲಿ ನೋಡಿ ಕೈಮುಗಿದರು. 2019ರ ನವೆಂಬರ್ 9ರಂದು ದಾರಿ ತೆರೆಯಿತು, 2025ರ ಮೇ ತಿಂಗಳ ಸಂಘರ್ಷದಲ್ಲಿ ಮತ್ತೆ ಮುಚ್ಚಿತು.

ಇದರ ಬಗ್ಗೆ ಹೆಚ್ಚು ತಿಳಿಯಲು, ನೆನಪುಗಳನ್ನು ದಾಖಲಿಸಲು ಏನು ಮಾಡಬಹುದು?

ಅಮೃತಸರದ ಟೌನ್ ಹಾಲಿನಲ್ಲಿ 2017ರಿಂದ ವಿಭಜನೆಯ ವಸ್ತುಸಂಗ್ರಹಾಲಯವಿದೆ, ದೆಹಲಿಯ ದಾರಾ ಶಿಕೋಹ್ ಗ್ರಂಥಾಲಯದ ಕಟ್ಟಡದಲ್ಲೂ ಒಂದಿದೆ. ಅಮೆರಿಕದ ಬರ್ಕ್ಲಿಯಲ್ಲಿ ಶುರುವಾದ 1947 ಪಾರ್ಟಿಷನ್ ಆರ್ಕೈವ್ ಹತ್ತು ಸಾವಿರಕ್ಕೂ ಹೆಚ್ಚು ಜನರ ಬಾಯಿಮಾತಿನ ನೆನಪುಗಳನ್ನು ಸಂಗ್ರಹಿಸಿದೆ.

ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಬೆಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ನಿಮ್ಮ ಅಕ್ಕಪಕ್ಕ ಸಿಂಧಿ, ಪಂಜಾಬಿ, ಬಂಗಾಳಿ ಹಿರಿಯರಿದ್ದರೆ, ಅವರಿಗೆ ಮನಸ್ಸಿದ್ದರೆ, ಕೂತು ಕೇಳಿ. ಊರಿನ ಹೆಸರು, ತಹಸೀಲು, ಹೊರಟ ತಿಂಗಳು, ಯಾವ ಸ್ಟೇಷನ್ನು, ಯಾವ ಕ್ಯಾಂಪು, ದಾರಿಯಲ್ಲಿ ಯಾರು ಸಹಾಯ ಮಾಡಿದರು ಎಂಬುದನ್ನು ಬರೆದುಕೊಳ್ಳಿ. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿ, ಅವರ ಮಾತೃಭಾಷೆಯಲ್ಲೇ ಮಾತಾಡಲು ಬಿಡಿ. ಹಳೆಯ ಕ್ಯಾಂಪಿನ ಚೀಟಿ, ಜಮೀನಿನ ಕಾಗದ, ಪರ್ಮಿಟ್ ಇದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ. ಅವರು ನಿಲ್ಲಿಸಿದ ಕಡೆ ಒತ್ತಾಯ ಮಾಡಬೇಡಿ. ಸಿಂಧನೂರಿನ ಕ್ಯಾಂಪುಗಳ ಹಿರಿಯರ ಮಾತನ್ನು ಕನ್ನಡದಲ್ಲಿ ದಾಖಲಿಸುವ ಕೆಲಸಕ್ಕೆ ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಈಗಲೇ ಕೈಹಾಕಬೇಕು. ವಿದ್ಯಾರ್ಥಿಗಳು ಯೋಜನೆಗೆ ವಿಷಯ ಹುಡುಕುತ್ತಿದ್ದರೆ ಅಲ್ಲಿಂದಲೇ ಶುರು ಮಾಡಬಹುದು.